ಸ್ಥೂಲಕಾಯರೂ ವಸಡಿನ ರೋಗವೂ

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಬ್ಯಾಂಕಿನ ಗುಮಾಸ್ತನಾದ ನಾನು ಉಳಿತಾಯದ ವಿಷಯವನ್ನೋ ಗೃಹಸಾಲದ ವಿಷಯವನ್ನೋ ಎತ್ತಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ವಸಡಿನ ವಿಷಯ ಮಾತನಾಡುತ್ತೇನೆಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ವಸಡೇ?” ಎಂದು ಕೇಳಿದರು. ಹೌದು, ವಸಡೇ. ಹಲ್ಲನ್ನು ಸುತ್ತಿ ಹಿಡಿದುಕೊಂಡಿರತಕ್ಕ ಆ ಕೆಂಪು ಮಾಂಸ. ಅದಕ್ಕೆ ತಗಲುವ ರೋಗ, ಅದರಲ್ಲಿಯೂ ಮೈ ದಪ್ಪವಿರುವವರಿಗೆ ತಗಲುವ ರೋಗ, ಅದಕ್ಕೆ ಚಿಕಿತ್ಸೆ ಮಾಡಿಸಿದರೆ ದಿನನಿತ್ಯದ ಬದುಕಿನಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದು, ಇಷ್ಟೇ ನನ್ನ ಇಂದಿನ ವಿಷಯ.

ನಾನು ವೈದ್ಯನಲ್ಲ, ಬಿ.ಕಾಂ. ಓದಿದವನು. ನನಗೆ ತಿಳಿದಿರುವುದು ನಮ್ಮ ಅಮ್ಮನನ್ನು ಒಂದು ವರ್ಷ ಕಾಲ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ತಿರುಗಿದಾಗ ಕಂಡದ್ದು, ಕೇಳಿದ್ದು, ಅನಂತರ ಕುತೂಹಲದಿಂದ ಓದಿಕೊಂಡದ್ದು ಮಾತ್ರ. ಸಭೆಯಲ್ಲಿ ಯಾರಾದರೂ ದಂತವೈದ್ಯರಿದ್ದರೆ ತಪ್ಪು ಕಂಡಲ್ಲಿ ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

1956ನೆಯ ನವೆಂಬರ್ 1ರಂದು ಕನ್ನಡಿಗರ ರಾಜ್ಯವೂ ಆಂಧ್ರ ಪ್ರದೇಶವೂ ಒಂದೇ ದಿನ ರೂಪುಗೊಂಡವೆಂಬುದು ತಮಗೆಲ್ಲ ತಿಳಿದೇ ಇದೆ. ಆ ದಿನವನ್ನು ನೆನೆಯುವ ಸಂಚಿಕೆಯಲ್ಲಿ ವಸಡಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ನುಡಿ ಹೊರಡತಕ್ಕದ್ದು ಬಾಯಿಯಿಂದಲಷ್ಟೆ. ಆ ಬಾಯಿ ಕೆಟ್ಟರೆ ನಮ್ಮಂಥ ಹೊರನಾಡಿನವರ ಮನೆಯಲ್ಲಿ ಕನ್ನಡವೂ ಹೇಗೆ ಮೆಲ್ಲಮೆಲ್ಲಗೆ ನಿಂತುಹೋಗುತ್ತದೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ.

ನಮ್ಮದು ಕುಂದಾಪುರದ ಕಡೆಯ ಮನೆತನ. ಅಪ್ಪಯ್ಯ ಹೋಟೆಲಿನ ಅಡಿಗೆ ಕೆಲಸಕ್ಕೆಂದು ವಿಜಯವಾಡಕ್ಕೆ ಬಂದವರು ಅಲ್ಲಿಯೇ ನೆಲೆನಿಂತರು. ನಾನು ಹುಟ್ಟಿ ಓದಿದ್ದು ಅಲ್ಲಿ. ನೌಕರಿಯ ವರ್ಗಾವಣೆ ನನ್ನನ್ನು ಈ ವಿಶಾಖಪಟ್ಟಣಕ್ಕೆ ತಂದಿತು. ಅಮ್ಮ ಇಂದಿಗೂ ವಿಜಯವಾಡದಲ್ಲಿಯೇ ಇದ್ದಾರೆ. ನಲವತ್ತು ವರ್ಷ ತೆಲುಗು ನಾಡಿನಲ್ಲಿದ್ದರೂ ಅವರ ತೆಲುಗು ತರಕಾರಿ ಅಂಗಡಿಯಿಂದ ಆಚೆಗೆ ಹೋಗಲಿಲ್ಲ. ಬೇಕಾಗಿಯೂ ಇರಲಿಲ್ಲ, ಹೊರಗಿನ ವ್ಯವಹಾರವನ್ನೆಲ್ಲ ಅಪ್ಪಯ್ಯ ನೋಡಿಕೊಳ್ಳುತ್ತಿದ್ದರು. ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ಬಾಯಿ ತುಂಬ ಕನ್ನಡ ಆಡುತ್ತಿದ್ದ ಜಾಗ ಒಂದೇ ಉಳಿಯಿತು, ಅಲ್ಲಿಯ ಕನ್ನಡದ ಹೆಂಗಸರು ಶುಕ್ರವಾರ ಸಂಜೆ ಕೂಡುವ ಭಜನೆ.

ಈ ಕಥೆಯನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. “ಹೇಳು ಮಗಾ, ಆದ್ರೆ ನನ್ನ ತೂಕ ಮಾತ್ರ ಹೇಳ್ಬೇಡ” ಎಂದಿದ್ದಾರೆ. ಆ ಮಾತಿಗೆ ಕಟ್ಟುಬಿದ್ದು, ಲೆಕ್ಕ ತೋರಿಸಬೇಕಾದ ಕಡೆ ನನ್ನ ತೂಕವನ್ನೇ ಹೇಳುತ್ತೇನೆ. ಅಮ್ಮ ದಪ್ಪ ಮೈಯವರು, ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯವರು ಎಂದಷ್ಟು ತಿಳಿದರೆ ಸಾಕು.

ಎರಡು ವರ್ಷದ ಹಿಂದೆ ಅಮ್ಮ ಭಜನೆಗೆ ಹೋಗುವುದನ್ನು ಬಿಟ್ಟರು. ಕೇಳಿದರೆ ಮಂಡಿನೋವು ಎಂದರು. ಮಂಡಿನೋವು ಇದ್ದದ್ದೂ ನಿಜ. ನಾನು ನಂಬಿದೆ. ಹಲ್ಲುನೋವೆಂದು ಅವರೇ ಒಂದೆರಡು ಸಲ ಹತ್ತಿರದ ವೈದ್ಯರ ಬಳಿಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಹೇಳಲು ಬಂದದ್ದು “ಪಂಟಿ ನೊಪ್ಪಿ” ಎಂಬ ಎರಡೇ ಪದ. ನೋವಿಗೆ ಮಾತ್ರೆ ಸಿಕ್ಕಿತು. ಹಲ್ಲುಜ್ಜುವಾಗ ರಕ್ತ ಬರುತ್ತಿತ್ತೆಂದಾಗಲಿ, ವಸಡಿನಿಂದ ಕೀವು ಬರುತ್ತಿತ್ತೆಂದಾಗಲಿ, ಮುಂದಿನ ಹಲ್ಲು ಅಲುಗಾಡುತ್ತಿತ್ತೆಂದಾಗಲಿ ಅವರು ಹೇಳಲಿಲ್ಲ. ವಸಡಿಗೆ ತೆಲುಗಿನಲ್ಲಿ ಏನೆನ್ನುತ್ತಾರೆಂಬುದೇ ಅವರಿಗೆ ಗೊತ್ತಿರಲಿಲ್ಲ.

ತೆಲುಗಿನಲ್ಲಿ ವಸಡಿಗೆ ‘ಚಿಗುರು’ ಎನ್ನುತ್ತಾರೆ. ನಮಗೆ ಗಿಡದ ತುದಿಯಲ್ಲಿರುವುದು ಅವರಿಗೆ ಹಲ್ಲಿನ ಬುಡದಲ್ಲಿಯೂ ಉಂಟು. ಹಲ್ಲಿಗೆ ‘ಪನ್ನು’ ಎನ್ನುತ್ತಾರೆ, ತೆರಿಗೆಗೂ ಅದೇ ಪದ. ಎರಡನ್ನೂ ಕಾಲಕಾಲಕ್ಕೆ ನೋಡಿಕೊಳ್ಳದಿದ್ದರೆ ದಂಡ ತೆರಬೇಕಾಗುತ್ತದೆಂದು ನಮ್ಮ ಬ್ಯಾಂಕಿನ ತೆಲುಗು ಗೆಳೆಯರೊಬ್ಬರು ನಗೆಯಾಡುತ್ತಾರೆ. ಹಲ್ಲಿಗೆ ಹತ್ತಿ ಕಲ್ಲಾಗುವ ಹಳದಿ ಕೊಳೆಗೆ ಅವರು ‘ಗಾರ’ ಎನ್ನುತ್ತಾರೆ. ಗೋಡೆಗೆ ಬಳಿಯುವ ನಮ್ಮ ‘ಗಾರೆ’ಯೇ ಅದು. ಇಷ್ಟು ಚೆನ್ನಾಗಿ ಒಪ್ಪುವ ಪದವನ್ನು ನಾನು ಕನ್ನಡದಲ್ಲಿ ಕಾಣಲಿಲ್ಲವಾದ್ದರಿಂದ ಮುಂದೆ ಗಾರೆಯೆಂದೇ ಹೇಳುತ್ತೇನೆ.

ಕಡೆಗೊಮ್ಮೆ ನಾನೇ ರಜೆಯಲ್ಲಿ ಹೋದಾಗ ಅಮ್ಮನನ್ನು ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯವರು ಬಾಯಿಯನ್ನು ಅರೆಕ್ಷಣ ನೋಡಿದರು. ಅಮ್ಮನ ಮೈಯನ್ನು ಹೆಚ್ಚು ಹೊತ್ತು ನೋಡಿದರು. “ಮೊದಲು ಹತ್ತು ಕಿಲೋ ಇಳಿಸಿಕೊಂಡು ಬನ್ನಿ, ಸಕ್ಕರೆ ಹಿಡಿತಕ್ಕೆ ಬರಲಿ, ಆಮೇಲೆ ನೋಡೋಣ. ಹೇಗೂ ಎಲ್ಲ ಕೀಳಿಸಿ ಸೆಟ್ಟು ಕಟ್ಟಿಸಬೇಕಾದೀತು” ಎಂದರು. ತೆಲುಗು ಪೂರ್ತಿ ತಿಳಿಯದಿದ್ದರೂ ಅಮ್ಮನಿಗೆ ಈ ಮಾತು ಪೂರ್ತಿ ತಿಳಿಯಿತು. ಮನೆಗೆ ಬರುವತನಕ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಅನಂತರ, “ಅದೆಲ್ಲ ಎಂತಕ್ಕೆ ಮಗಾ, ಪ್ರಾಯ ಆಯ್ತಲ್ಲ” ಎಂದರು. ಅಮ್ಮನಿಗೆ ಆಗ ಅರುವತ್ತೊಂದು.

ತೂಕ ಇಳಿದ ಮೇಲೆ ವಸಡು ನೋಡೋಣ ಎಂಬ ಈ ಮಾತು ಸರಿಯೇ? ನನ್ನನ್ನು ಓದುವಂತೆ ಮಾಡಿದ್ದು ಈ ಪ್ರಶ್ನೆ.

ಮೊದಲು ರೋಗವೆಂದರೇನು ಎಂಬುದನ್ನು ನೋಡೋಣ. ಉಂಡ ಮೇಲೆ ಹಲ್ಲಿನ ಮೇಲೆ, ವಸಡಿನ ಅಂಚಿನಲ್ಲಿ, ಅಂಟಂಟಾದ ತೆಳ್ಳನೆಯ ಪದರವೊಂದು ಕಟ್ಟುತ್ತದೆ. ಅದರ ತುಂಬ ಸೂಕ್ಷ್ಮಜೀವಿಗಳು. ದಿನದಿನವೂ ತೆಗೆಯದಿದ್ದರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದೇ ಗಾರೆಯಾಗುತ್ತದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಎಂಬ ವಿದ್ವಾಂಸರು ಮತ್ತು ಅವರ ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಸಡು ಆರೋಗ್ಯವಾಗಿದ್ದ ಹನ್ನೆರಡು ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಜನರ ವಸಡೂ ಕೆಂಪಗಾಗಿ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಎಂದರೆ ಮೊದಲ ಹಂತದ ವಸಡಿನ ರೋಗ ಹಿಂದಕ್ಕೆ ಹೋಗತಕ್ಕದ್ದು. ಅದರ ಗುರುತು ಹಲ್ಲುಜ್ಜುವಾಗ ಬರುವ ರಕ್ತ. ರಕ್ತ ಬಂತೆಂದು ಅಲ್ಲಿ ಉಜ್ಜುವುದನ್ನೇ ಬಿಡುವುದು ನಮ್ಮವರ ರೂಢಿ; ಬಿಟ್ಟರೆ ರೋಗಕ್ಕೆ ಅನುಕೂಲ.

ಎರಡನೆಯ ಹಂತ ಹಾಗಲ್ಲ. ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಜೇಬಿನಂತೆ ಸಂದಾಗುತ್ತದೆ. ಆರೋಗ್ಯವಿದ್ದಲ್ಲಿ ಈ ಸಂದಿನ ಆಳ ಒಂದರಿಂದ ಮೂರು ಮಿಲಿಮೀಟರ್. ರೋಗ ಬಲಿತಲ್ಲಿ ನಾಲ್ಕು, ಐದು, ಏಳು. ಒಳಗೆ ಗಾರೆ ಇಳಿದು ಹಲ್ಲನ್ನು ಹಿಡಿದ ಎಲುಬು ಕರಗುತ್ತದೆ. ಕರಗಿದ ಎಲುಬು ಸಾಮಾನ್ಯವಾಗಿ ಪೂರ್ತಿ ಮರಳಿ ಬರುವುದಿಲ್ಲ, ಕರಗುವುದನ್ನು ತಡೆಯಬಹುದು. ಬಹುಕಾಲ ನೋವೇ ಇರುವುದಿಲ್ಲವಾದ್ದರಿಂದ ನಾವು ಸುಮ್ಮನಿರುತ್ತೇವೆ. ಬಲಿತ ವಸಡಿನ ರೋಗ ಜಗತ್ತಿನಲ್ಲಿ ಸುಮಾರು ನೂರು ಕೋಟಿ ಜನರಿಗೆ ಉಂಟೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು.

ಇನ್ನು ದಪ್ಪ ಮೈಗೂ ಇದಕ್ಕೂ ಏನು ಸಂಬಂಧ? ತಿಂಡಿಪೋತರಿಗೆ ಹಲ್ಲು ಕೆಡುತ್ತದೆ ಎಂಬ ಅಣಕದ ಮಾತನ್ನು ನಾನೂ ಕೇಳಿದ್ದೇನೆ. ವಿಷಯ ಅಷ್ಟು ಸುಲಭವಾಗಿಲ್ಲ. ಮೈಯಲ್ಲಿನ ಕೊಬ್ಬನ್ನು ಹಿಂದೆ ಬರಿಯ ಉಗ್ರಾಣವೆಂದು ತಿಳಿದಿದ್ದರು. ಹೆಚ್ಚಾದ ಹಣ ಮುದ್ದತು ಠೇವಣಿಯಲ್ಲಿ ಬಿದ್ದಿರುವಂತೆ ಹೆಚ್ಚಾದ ಆಹಾರ ಅಲ್ಲಿ ಬಿದ್ದಿರುತ್ತದೆ ಎಂದು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ರಸವನ್ನು ಕಂಡುಹಿಡಿದ ಮೇಲೆ, ಕೊಬ್ಬೂ ರಸಗಳನ್ನು ಸ್ರವಿಸಿ ಇಡೀ ಮೈಗೆ ಸಂದೇಶ ಕಳಿಸತಕ್ಕ ಒಂದು ಅಂಗವೆಂಬುದು ಸ್ಪಷ್ಟವಾಯಿತು. ಅದು ವಿಪರೀತ ಬೆಳೆದಾಗ ಉರಿಯೂತವನ್ನು ಹೆಚ್ಚಿಸುವ ವಸ್ತುಗಳನ್ನೂ ರಕ್ತಕ್ಕೆ ಬಿಡುತ್ತದೆ. ವಸಡಿನ ಮೂಲೆಯಲ್ಲಿ ಸೂಕ್ಷ್ಮಜೀವಿಗಳು ಹಚ್ಚಿದ ಕಿಡಿಗೆ ಇದು ಗಾಳಿ ಹಾಕಿದಂತೆ. 1998ರಲ್ಲಿ ಜಪಾನಿನ ಸೈಟೋ ಮತ್ತು ಸಂಗಡಿಗರು, ತೂಕ ಹೆಚ್ಚಿದವರಲ್ಲಿ ವಸಡಿನ ರೋಗವೂ ಹೆಚ್ಚೆಂದು ಬರೆದರು. ಅನಂತರ ಬೇರೆ ಬೇರೆ ದೇಶಗಳಿಂದ ಇಂಥ ವರದಿಗಳು ಬಂದಿವೆ. ತೂಕವೇ ಕಾರಣ, ರೋಗವೇ ಪರಿಣಾಮ ಎಂದು ಗೆರೆ ಎಳೆದು ಹೇಳುವುದು ಇನ್ನೂ ಸಾಧ್ಯವಾಗಿಲ್ಲ. ಎರಡೂ ಒಟ್ಟಿಗೆ ಇರುವುದು ಹೆಚ್ಚು ಎಂಬಷ್ಟು ಖಚಿತ. ಸಕ್ಕರೆ ಕಾಯಿಲೆಯೂ ಸೇರಿದರೆ ಮೂರೂ ಕೂಡಿ ಒಂದನ್ನೊಂದು ಕೆಡಿಸುತ್ತವೆ.

ದಪ್ಪವೆಂದರೆ ಎಷ್ಟು ದಪ್ಪ? ಲೆಕ್ಕ ನಮಗೆ ಅಭ್ಯಾಸವಾದ ವಿಷಯ. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಬೇಕು. ನನ್ನ ತೂಕ 81, ಎತ್ತರ 1.70, ಭಾಗಿಸಿದರೆ 28. ವಿದೇಶದ ಅಳತೆಯಲ್ಲಿ 30 ಮುಟ್ಟಿದರೆ ಸ್ಥೂಲಕಾಯ. ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ತೊಂದರೆ ತಲೆದೋರುವುದರಿಂದ ನಮ್ಮ ವೈದ್ಯರು 25ಕ್ಕೇ ಗೆರೆ ಹಾಕಿದ್ದಾರೆ. ಆದ್ದರಿಂದ ತಮ್ಮ ಮುಂದೆ ನಿಂತಿರುವ ಭಾಷಣಕಾರನೂ ಸ್ಥೂಲಕಾಯನೇ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಟೇಪು ಹಿಡಿದು ಹೊರಟರೆ ಬಡಿಸುವವರಿಗೆ ಕೆಲಸವೇ ಇರಲಿಕ್ಕಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 25ರ ಗೆರೆಯಿಟ್ಟು ಎಣಿಸಿದಾಗ, ತೂಕ ಮೀರಿದ ಹೆಂಗಸರು ದೇಶದಲ್ಲಿ ನೂರಕ್ಕೆ 24, ಕರ್ನಾಟಕದಲ್ಲಿ ಸುಮಾರು 30, ಆಂಧ್ರದಲ್ಲಿ ಸುಮಾರು 36. ನಾವು ತಾಯ್ನಾಡನ್ನು ಬಿಟ್ಟು ಇನ್ನೂ ಭಾರವಾದ ನಾಡಿಗೆ ಬಂದಿದ್ದೇವೆ. ಇಲ್ಲಿಯ ಮುದ್ದಪಪ್ಪು, ತುಪ್ಪ, ಆವಕಾಯಿಗಳ ರುಚಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಓದುತ್ತಿರುವಾಗ ನನ್ನ ಕೈಗೆ ಹದಿನಾಲ್ಕು ಪ್ರಶ್ನೆಗಳ ಒಂದು ಪಟ್ಟಿ ಸಿಕ್ಕಿತು. ಬಾಯಿಯ ರೋಗ ಬದುಕನ್ನು ಎಷ್ಟು ಕೆಡಿಸಿದೆ ಎಂಬುದನ್ನು ಅಳೆಯುವುದಕ್ಕಾಗಿ ಆಸ್ಟ್ರೇಲಿಯಾದ ಅಡಿಲೇಡಿನ ಸ್ಲೇಡ್ ಮತ್ತು ಸ್ಪೆನ್ಸರ್ ಎಂಬವರು 1994ರಲ್ಲಿ 49 ಪ್ರಶ್ನೆಗಳನ್ನು ಸಿದ್ಧಪಡಿಸಿದ್ದರು. 1997ರಲ್ಲಿ ಸ್ಲೇಡರು ಅದನ್ನು 14ಕ್ಕೆ ಇಳಿಸಿದರು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಸೊನ್ನೆ ಎಂದರೆ ತೊಂದರೆಯೇ ಇಲ್ಲ, ನಾಲ್ಕೆಂದರೆ ಬಹಳ ಸಲ. ಒಟ್ಟು 56. ವಸಡಿನ ಚಿಕಿತ್ಸೆ ಮಾಡಿದವರು ಸಂದಿನ ಆಳವನ್ನು ಅಳೆದು ತೃಪ್ತರಾಗುತ್ತಾರೆ. ರೋಗಿಗೆ ಬೇಕಾದದ್ದು ಆಳವಲ್ಲ, ಊಟ ಮತ್ತು ಮಾತು. ಈ ಪಟ್ಟಿ ಕೇಳುವುದು ಅದನ್ನು. ಪ್ರಶ್ನೆಗಳನ್ನು ನಾನು ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿಕೊಂಡು ಒಂದು ರಾತ್ರಿ ಊಟವಾದ ಮೇಲೆ ಅಡಿಗೆಮನೆಯಲ್ಲಿ ಕುಳಿತು ಅಮ್ಮನನ್ನು ಕೇಳಿದೆ.

ತಿನ್ನುವಾಗ ಕಷ್ಟವಾಗುತ್ತದೆಯೇ ಎಂಬುದಕ್ಕೆ, ಎರಡು ವರ್ಷದಿಂದ ಅನ್ನವನ್ನು ಹಿಸುಕಿ ನುಂಗುತ್ತಿದ್ದೇನೆ ಎಂದರು. ಕೋಸಂಬರಿ ಇಲ್ಲ, ಹಸಿ ಸೌತೆಯಿಲ್ಲ, ಕಡಲೆಯಿಲ್ಲ. ಮೆತ್ತಗಿರುವ ಅನ್ನ, ಉಪ್ಪಿಟ್ಟು, ಹಾಲಲ್ಲಿ ನೆನೆಸಿದ ಬಿಸ್ಕತ್ತು, ಇಷ್ಟೇ. ತೂಕ ಇಳಿಸಬೇಕಾದವರು, ಸಕ್ಕರೆ ಕಾಯಿಲೆಯವರು ಏನನ್ನು ತಿನ್ನಬಾರದೋ ಅದನ್ನೇ ತಿನ್ನುವಂತೆ ಅವರ ಬಾಯಿ ಮಾಡಿಟ್ಟಿತ್ತು! ತರಕಾರಿ ಹೆಚ್ಚು ತಿನ್ನಿ ಎಂದು ಸಕ್ಕರೆ ವೈದ್ಯರು ಪ್ರತಿ ಸಲವೂ ಬರೆದುಕೊಡುತ್ತಿದ್ದರು. ಯಾವ ಹಲ್ಲಿನಿಂದ ತಿನ್ನಬೇಕೆಂದು ಯಾರೂ ಕೇಳಿರಲಿಲ್ಲ.

ಮಾತಿನ ಉಚ್ಚಾರಕ್ಕೆ ತೊಂದರೆಯೇ ಎಂಬುದಕ್ಕೆ ಸ್ವಲ್ಪ ಎಂದರು. ಜನರ ಮುಂದೆ ಸಂಕೋಚವಾಗುತ್ತದೆಯೇ ಎಂದು ಕೇಳಿದಾಗ ತಡವಾಗಿ ಉತ್ತರ ಬಂತು. ಒಂದು ಶುಕ್ರವಾರ ಪಕ್ಕದಲ್ಲಿ ಕುಳಿತಿದ್ದವರು, ಅಮ್ಮ ಹಾಡಲು ಬಾಯಿ ತೆರೆದಾಗ ಸೆರಗನ್ನು ಮೂಗಿಗೆ ಹಿಡಿದುಕೊಂಡರಂತೆ. ಬೇಕೆಂದು ಮಾಡಿದ್ದಲ್ಲ, ಅವರು ಒಳ್ಳೆಯವರೇ ಎಂದೂ ಅಮ್ಮ ಸೇರಿಸಿದರು. ಮರು ವಾರದಿಂದ ಮಂಡಿನೋವು. ಆ ರಾತ್ರಿ ಒಟ್ಟು ಅಂಕ 33 ಆಯಿತು. ದಿನಾ ಫೋನಿನಲ್ಲಿ “ಊಟ ಆಯ್ತಾ ಅಮ್ಮ” ಎಂದು ಕೇಳುತ್ತಿದ್ದವನು ನಾನು. ಆಯ್ತು ಎನ್ನುತ್ತಿದ್ದರು. ಏನು ಉಂಡಿರಿ, ಹೇಗೆ ಉಂಡಿರಿ ಎಂದು ಒಂದು ದಿನವೂ ಕೇಳಿರಲಿಲ್ಲ.

ಮುಂದಿನ ತಿಂಗಳು ವಿಜಯವಾಡದ ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಹೋದೆವು. ಬ್ಯಾಂಕಿಗೆ ಎರಡನೆಯ, ನಾಲ್ಕನೆಯ ಶನಿವಾರ ರಜೆಯಾದ್ದರಿಂದ ಶುಕ್ರವಾರ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ವಿಜಯವಾಡ. ಮುನ್ನೂರೈವತ್ತು ಕಿಲೋಮೀಟರು ಹಾದಿ. ನಾನಿಲ್ಲದ ದಿನ ಅಮ್ಮ ಒಬ್ಬರೇ ಹೋಗಬೇಕಾಗಬಹುದೆಂದು ಒಂದು ಚೀಟಿ ಬರೆದುಕೊಟ್ಟೆ, ಕನ್ನಡ ಅಕ್ಷರದಲ್ಲಿ ತೆಲುಗು ಪದಗಳು: ವಸಡು ಎಂದರೆ ಚಿಗುರು, ಕೀವು ಎಂದರೆ ಚೀಮು, ರಕ್ತ ಎಂದರೆ ರಕ್ತಂ, ಅಲುಗಾಡುತ್ತದೆ ಎಂದರೆ ಕದುಲುತೋಂದಿ, ವಾಸನೆ ಎಂದರೆ ದುರ್ವಾಸನ. ಅಮ್ಮ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡರು. ಅಲ್ಲಿ ನೋಡಿಕೊಂಡ ಎಳೆಯ ಡಾಕ್ಟರಮ್ಮ ತೂಕದ ಮಾತನ್ನು ಒಮ್ಮೆ ಮಾತ್ರ ಎತ್ತಿದರು, ಅದೂ ಕುರ್ಚಿಯ ಸಲುವಾಗಿ. ಹಲ್ಲಿನ ಕುರ್ಚಿಯನ್ನು ಪೂರ್ತಿ ಮಲಗಿಸಿದರೆ ದಪ್ಪ ಮೈಯವರಿಗೆ ಉಸಿರು ಕಟ್ಟಿದಂತಾಗುತ್ತದೆ. ಅವರೇ ಕೇಳಿ ಕುರ್ಚಿಯನ್ನು ಅರ್ಧ ಎತ್ತಿಯೇ ಇಟ್ಟರು. ನಡುನಡುವೆ ವಿಶ್ರಾಂತಿ ಕೊಟ್ಟರು. ಈ ಭಯದಿಂದಲೇ ಹೋಗದಿರುವವರು ನಮ್ಮಲ್ಲಿ ಇರಬಹುದು. ಕುರ್ಚಿ ಎತ್ತಿಡಿ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ.

ಚಿಕಿತ್ಸೆ ಬಹಳ ಗಹನವಾದದ್ದೇನೂ ಅಲ್ಲ. ಮೊದಲು ಒಂದು ಸಣ್ಣ ಗೆರೆಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆಳ ಅಳೆದು ಬರೆದುಕೊಂಡರು. ಏಳು ಮಿಲಿಮೀಟರಿನವರೆಗೂ ಇತ್ತು. ಎಕ್ಸ್‌ರೇ ತೆಗೆದರು, ಸಕ್ಕರೆಯ ಮೂರು ತಿಂಗಳ ಸರಾಸರಿ ನೋಡಿದರು, ನುಂಗುವ ಮಾತ್ರೆಗಳನ್ನೆಲ್ಲ ಕೇಳಿದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದನ್ನು ಮರೆಯದೆ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಮೊದಲ ದಿನ ಮೇಲೆ ಕಾಣುವ ಗಾರೆ ತೆಗೆದು, ಉಜ್ಜುವುದನ್ನು ಕಲಿಸಿದರು. ಅರುವತ್ತು ದಾಟಿದವರಿಗೆ ಹಲ್ಲುಜ್ಜುವುದನ್ನು ಕಲಿಸುವುದೇ ಎಂದು ಅಮ್ಮ ನಕ್ಕರು. ಬಾಲ್ಯದಿಂದ ಅವರು ಬೆರಳಿನಲ್ಲಿ ಹಲ್ಲುಪುಡಿ ಹಚ್ಚಿದವರು. ಪುಡಿ ಯಾವುದಾದರೇನು, ನಂಜನಗೂಡಿನದಾಗಲಿ ಮತ್ತೊಂದಾಗಲಿ, ಹಲ್ಲಿನ ಸಂದಿಗೆ ಬೆರಳು ಹೋಗತಕ್ಕದ್ದಲ್ಲ. ಮೆತ್ತನೆಯ ಬ್ರಷ್ಷು ವಸಡಿನ ಅಂಚಿಗೆ ಓರೆಯಾಗಿ. ಸಂದಿಗೆ ಬೇರೆ ಒಂದು ಸಣ್ಣ ಬ್ರಷ್ಷು. ರಾತ್ರಿ ಮಲಗುವ ಮುಂಚೆ ತಪ್ಪದೆ. ಅನಂತರದ ಭೇಟಿಗಳಲ್ಲಿ ಬಾಯಿಯನ್ನು ಭಾಗ ಮಾಡಿಕೊಂಡು, ಮರಗಟ್ಟುವ ಸೂಜಿ ಕೊಟ್ಟು, ವಸಡಿನ ಒಳಗೆ ಬೇರಿನ ಮೇಲೆ ಹತ್ತಿದ್ದ ಗಾರೆಯನ್ನು ಕೆರೆದು ತೆಗೆದರು. ಕೆಳಗಿನ ಎರಡು ಮುಂದಿನ ಹಲ್ಲುಗಳಿಗೆ ಎಲುಬೇ ಉಳಿದಿರಲಿಲ್ಲ; ಅವನ್ನು ಕೀಳಬೇಕಾಯಿತು. ಎಲ್ಲವನ್ನೂ ಅಲ್ಲ.

ಹಲ್ಲು ಶುದ್ಧಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಅಮ್ಮನೂ ಎರಡನೆಯ ವಾರ ಫೋನಿನಲ್ಲಿ ಅದೇ ದೂರು ಹೇಳಿದರು: ಸಂದು ಕಾಣುತ್ತಿದೆ, ತಣ್ಣೀರು ಜುಂ ಎನ್ನುತ್ತದೆ. ಗಾರೆ ಕೂತಿದ್ದ ಜಾಗ ಖಾಲಿಯಾಯಿತು, ಊದಿದ ವಸಡು ಇಳಿಯಿತು. ಹಿಂದೆಯೇ ಇದ್ದ ಸಂದು ಈಗ ಕಂಡಿತು, ಅಷ್ಟೆ. ಹಳೆಯ ಲೆಕ್ಕಪುಸ್ತಕ ತೆರೆದಾಗ ಸಾಲ ಕಾಣಿಸಿದರೆ ತೆರೆದವನು ಸಾಲ ಮಾಡಿದನೆಂದು ಅರ್ಥವಲ್ಲ. ಜುಂ ಎನ್ನುವುದು ಕೆಲವು ವಾರಗಳಲ್ಲಿ ಕಡಿಮೆಯಾಯಿತು.

ಮೂರು ತಿಂಗಳಿಗೆ ಮತ್ತೆ ಅಳೆದರು. ಏಳು ಇದ್ದಲ್ಲಿ ನಾಲ್ಕು, ಐದು. ರಕ್ತ ಬರುವ ಜಾಗಗಳು ಬಹುಪಾಲು ನಿಂತಿದ್ದವು. ಎರಡು ಕಡೆ ಆಳ ಉಳಿದದ್ದರಿಂದ ಮತ್ತೊಮ್ಮೆ ಕೆರೆದರು. ಅದೂ ಸಾಲದಿದ್ದರೆ ವಸಡನ್ನು ಬಿಡಿಸಿ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಉಂಟು, ಅಮ್ಮನಿಗೆ ಬೇಕಾಗಲಿಲ್ಲ. ಅಮ್ಮನ ತೂಕ ಒಂದು ಕಿಲೋ ಇಳಿದಿತ್ತು, ಅಷ್ಟು ಯಾವ ತಿಂಗಳಾದರೂ ಏರಿಳಿಯುತ್ತದೆ. ವಸಡಿನ ಚಿಕಿತ್ಸೆಯಿಂದ ತೂಕ ಇಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಸಕ್ಕರೆಯ ಮೂರು ತಿಂಗಳ ಸರಾಸರಿ 8.4ರಿಂದ 7.9ಕ್ಕೆ ಬಂದಿತ್ತು. ಆದರೆ ಆ ನಡುವೆ ಮಾತ್ರೆಯನ್ನೂ ಬದಲಾಯಿಸಿದ್ದರು, ಆದ್ದರಿಂದ ಈ ಜಮೆಯನ್ನು ವಸಡಿನ ಖಾತೆಗೆ ಬರೆಯುವುದಕ್ಕೆ ಬಾರದು. ಲೋಕದ ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆಯ ಪ್ರಕಾರ, ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಿಗೆ ಆ ಅಂಕಿ ಸರಾಸರಿ 0.43ರಷ್ಟು ಇಳಿಯುತ್ತದೆ. ಸಣ್ಣ ಮೊತ್ತವಾದರೂ ಕೈಬಿಡತಕ್ಕ ಮೊತ್ತವಲ್ಲ. ದಪ್ಪ ಮೈಯವರಿಗೆ ವಸಡಿನ ಚಿಕಿತ್ಸೆ ತೆಳ್ಳಗಿನವರಷ್ಟೇ ಚೆನ್ನಾಗಿ ಹತ್ತುತ್ತದೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಲವರು ಸಮವೆನ್ನುತ್ತಾರೆ, ಕೆಲವರು ಸ್ವಲ್ಪ ಕಡಿಮೆ ಎನ್ನುತ್ತಾರೆ. ಹತ್ತುವುದೇ ಇಲ್ಲವೆನ್ನುವ ಮಾತನ್ನು ನಾನೆಲ್ಲೂ ಕಾಣಲಿಲ್ಲ. ಹಾಗಿರಲು, ತೂಕ ಇಳಿಯುವವರೆಗೆ ವಸಡನ್ನು ಕಾಯಿಸುವುದಕ್ಕೆ ಆಧಾರವೇನು? ಇಳಿಯುವ ತೂಕಕ್ಕಾಗಿ ವರ್ಷಗಟ್ಟಲೆ ಕಾಯಬೇಕು; ಎಲುಬು ಅಷ್ಟು ದಿನ ಕಾಯುವುದಿಲ್ಲ. ತೂಕವನ್ನೂ ಇಳಿಸತಕ್ಕದ್ದೇ, ಅದು ಜೊತೆಜೊತೆಗೆ ನಡೆಯಲಿ. ನಮ್ಮ ಅಮ್ಮನ ಮಟ್ಟಿಗಂತೂ ಸೌತೆಕಾಯಿ ಕಚ್ಚುವ ಹಲ್ಲು ಮೊದಲು ಬೇಕಾಗಿತ್ತು.

ಹೊಗೆಸೊಪ್ಪಿನ ವಿಷಯವನ್ನು ಹೇಳದಿದ್ದರೆ ಅಪೂರ್ಣವಾದೀತು. ಈ ಕಡಲತೀರದ ಹಳ್ಳಿಗಳಲ್ಲಿ ಹೆಂಗಸರು ಚುಟ್ಟದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಪದ್ಧತಿಯುಂಟು. ‘ಅಡ್ಡ ಪೊಗ’ ಎನ್ನುತ್ತಾರೆ. 1971ರಲ್ಲಿ ಪಿಂಡ್‌ಬೋರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸರೂ ಸಂಗಡಿಗರೂ ಆಂಧ್ರದ 10,169 ಹಳ್ಳಿಗರ ಅಂಗುಳನ್ನು ಪರೀಕ್ಷಿಸಿ ಇದರ ಹಾನಿಯನ್ನು ಬರೆದಿದ್ದಾರೆ. ಅದನ್ನು ಕಂಡು ಮೂಗಿನ ಮೇಲೆ ಬೆರಳಿಡುವ ನಮ್ಮವರು ಎಲೆಅಡಿಕೆಯ ಜೊತೆ ಹೊಗೆಸೊಪ್ಪಿನ ಎಸಳನ್ನು ಮರೆಯುವುದಿಲ್ಲ. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಆದ್ದರಿಂದ ರೋಗ ಒಳಗೇ ಬಲಿಯುತ್ತಿದ್ದರೂ ಗುರುತು ಹತ್ತುವುದಿಲ್ಲ. ನನ್ನ ವಸಡಿನಲ್ಲಿ ರಕ್ತವೇ ಇಲ್ಲವೆಂದು ಅಂಥವರು ಧೈರ್ಯದಿಂದಿರುವುದು ಬೇಡ.

ಖರ್ಚಿನ ವಿಷಯ ಒಂದು ಮಾತು. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಇಂಥ ಹಲ್ಲಿನ ಚಿಕಿತ್ಸೆ ಸಾಮಾನ್ಯವಾಗಿ ಸೇರಿರುವುದಿಲ್ಲ, ಪಾಲಿಸಿ ಓದಿನೋಡಿ. ವಿಜಯವಾಡದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ನಮ್ಮ ವಿಶಾಖಪಟ್ಟಣದಲ್ಲಿ ಗೀತಂ ದಂತ ಕಾಲೇಜು ಇದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುವುದರಿಂದ ಖಾಸಗಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ, ಹೊತ್ತು ಹೆಚ್ಚು. ಪುಸ್ತಕವೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗತಕ್ಕದ್ದು.

ಆರನೆಯ ತಿಂಗಳು ಅದೇ ಅಡಿಗೆಮನೆಯಲ್ಲಿ ಕುಳಿತು ಹದಿನಾಲ್ಕು ಪ್ರಶ್ನೆಗಳನ್ನು ಮತ್ತೆ ಕೇಳಿದೆ. 33 ಇದ್ದದ್ದು 13ಕ್ಕೆ ಬಂದಿತ್ತು. ಸೊನ್ನೆಯಾಗಲಿಲ್ಲ. ಕಿತ್ತ ಎರಡು ಹಲ್ಲಿನ ಜಾಗಕ್ಕೆ ಇನ್ನೂ ಏನೂ ಕಟ್ಟಿಸಿಲ್ಲ, ‘ಸ’ಕಾರ ಸ್ವಲ್ಪ ಜಾರುತ್ತದೆ, ಎಡಗಡೆಯಿಂದಲೇ ಅಗಿಯುತ್ತಾರೆ. ಸಂಕೋಚದ ಪ್ರಶ್ನೆಗೆ ಮಾತ್ರ ಈ ಸಲ ಉತ್ತರ ತಡವಾಗಲಿಲ್ಲ. “ಕೇಳೂದ್ ಎಂತ, ಹೋಗ್ತಾ ಇದ್ದೆ ಅಲ್ದಾ” ಎಂದರು. ಭಜನೆಗೆ ಹೋಗತೊಡಗಿ ಒಂದು ತಿಂಗಳಾಗಿತ್ತು, ನನಗೆ ಹೇಳಿಯೇ ಇರಲಿಲ್ಲ. ಮಂಡಿನೋವು ಹಾಗೆಯೇ ಇದೆ. ಮೆಟ್ಟಿಲು ಹತ್ತುವಾಗ ಆ ಸೆರಗು ಹಿಡಿದಿದ್ದವರೇ ಕೈ ಕೊಡುತ್ತಾರಂತೆ. ಅವರಿಗೂ ವಸಡಿನಲ್ಲಿ ರಕ್ತ ಬರುತ್ತಿತ್ತೆಂದು ತಿಳಿದು, ಅಮ್ಮ ತಮ್ಮ ಪರ್ಸಿನಲ್ಲಿದ್ದ ಚೀಟಿಯನ್ನು ಅವರಿಗೆ ಕೊಟ್ಟುಬಿಟ್ಟಿದ್ದಾರೆ. ನಾನು ಇನ್ನೊಂದು ಬರೆದುಕೊಡಬೇಕಾಯಿತು.

ಈ ಚಿಕಿತ್ಸೆ ಒಮ್ಮೆ ಮಾಡಿಸಿ ಮುಗಿಯುವಂಥದ್ದಲ್ಲ, ಮೂರು ತಿಂಗಳಿಗೊಮ್ಮೆ ತೋರಿಸಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ನಮ್ಮ ಬ್ಯಾಂಕಿನಲ್ಲಿಯೂ ಸಾಲದ ಕಂತು ತೊಂಬತ್ತು ದಿನ ಮೀರಿ ಬಾಕಿ ನಿಂತರೆ ಅದನ್ನು ಕೆಟ್ಟ ಸಾಲದ ಪಟ್ಟಿಗೆ ಸೇರಿಸುತ್ತಾರೆ. ನನಗೆ ನೆನಪಿಡಲು ಸುಲಭವಾಯಿತು. ಬರುವ ತಿಂಗಳ ಎರಡನೆಯ ಶನಿವಾರ ಮತ್ತೆ ಹೋಗಬೇಕು. ಕೌಂಟರಿನ ಗಾಜಿನ ಹಿಂದೆ ಕುಳಿತು ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುವ ಅಭ್ಯಾಸ ನನಗೂ ಯಾವಾಗಲೋ ಬಂದಿತ್ತೆಂಬುದು ಇಷ್ಟೆಲ್ಲ ಓದಿದ ಮೇಲೆ ನನ್ನ ಗಮನಕ್ಕೆ ಬಂತು. ಈ ಸಲ ಆಸ್ಪತ್ರೆಯ ಚೀಟಿಯಲ್ಲಿ ನನ್ನ ಹೆಸರನ್ನೂ ಬರೆಸುತ್ತೇನೆ.

ಹದಿನಾಲ್ಕು ಪ್ರಶ್ನೆಗಳ ಕನ್ನಡ ಪ್ರತಿಯನ್ನೂ ತೆಲುಗು ಪದಗಳ ಚೀಟಿಯನ್ನೂ ನಕಲು ಮಾಡಿಸಿ ಸಂಘದ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಂಡು ಹೋಗಬಹುದು.